ಗಂಜಿ ಹಾಕಿದ ಬಟ್ಟೆ

ಮಾರ್ಚ್ ೪, ಸೋಮವಾರ. ಬೆಳಿಗ್ಗೆ

ಪ್ರಾರ್ಥನೆ ಮುಗಿಯಿತು. ಪಾರಾಯಣದಲ್ಲಿ ಕ್ಷಮೆಯ ಅಧ್ಯಾಯ, ಮತ್ತೊಮ್ಮೆ. ಚಹಾ ತಂದ ಮೊಮ್ಮಗಳು ಎದುರು ಕೂರಲಿಲ್ಲ. ನಿಂತೇ ಕುಡಿದಳು. ಕಾಲು ಅಗಲಿಸಿ ನಡೆಯುತ್ತಿದ್ದಾಳೆ. ಏನೆಂದು ಕೇಳಿದರೆ, ನಿನ್ನ ಪುಸ್ತಕ ನೋಡ್ಕೋ ತಾತ ಎಂದಳು. ಸಿಡುಕಿ ಎಂದು ನಾನು ಕರೆಯುವುದು ಸುಮ್ಮನೆ ಅಲ್ಲ.

ಕೆಳಮನೆಯ ನರ್ಸಮ್ಮ ಬಿಡಿಸಿ ಹೇಳಿದರು. ಮುಟ್ಟಿನ ದಿನಗಳಲ್ಲೂ ಅವಳು ಅಚ್ಚಿನ ಪ್ರೆಸ್ಸಿನ ಕಟಿಂಗ್ ಮಷೀನ್ ಮುಂದೆ ಇಡೀ ಶಿಫ್ಟ್ ನಿಲ್ಲಬೇಕು. ನಡುವೆ ಬಚ್ಚಲಿಗೆ ಬಿಡುವುದಿಲ್ಲ. ಪ್ಲಾಸ್ಟಿಕ್ ಪ್ಯಾಡು ಬೆವರಿನಲ್ಲಿ ಉಜ್ಜಿ ತೊಡೆಸಂದಿನ ಚರ್ಮ ಕಿತ್ತುಬಂದಿದೆ. ಮೆತ್ತನೆಯ ಹತ್ತಿಬಟ್ಟೆಯದಾದರೆ ಗಾಯ ಮಾಯುತ್ತದೆ. ಒಗೆದು ಬಿಸಿಲಿಗೆ ಹಾಕಿದರೆ ವರ್ಷಗಟ್ಟಲೆ ಬಾಳುತ್ತದೆ. ಹಿತ್ತಿಲ ಕಸದ ರಾಶಿಯೂ ಇಳಿಯುತ್ತದೆ. ಆ ರಾಶಿಯನ್ನು ದಿನವೂ ಕಾಣುತ್ತೇನೆ. ನಾಯಿಗಳು ಎಳೆದಾಡುತ್ತವೆ. ಮಣ್ಣೇ ಒಲ್ಲೆನೆಂದು ಉಗುಳಿದ ವಸ್ತು.

ಎಲ್ಲಿ ಸಿಗುತ್ತದೆ ಎಂದೆ. ಜೀವಮಾನವೆಲ್ಲ ಸೂಜಿ ಹಿಡಿದವರು ನನ್ನ ಕೇಳ್ತೀರಲ್ಲ ಎಂದು ನಕ್ಕರು. ಅದೇ ಪ್ರೆಸ್ಸಿನಲ್ಲಿ ಬೈಂಡರ್ ಆಗಿ ದುಡಿದು ನಿವೃತ್ತನಾದವನು ನಾನು. ಎಷ್ಟೋ ಪವಿತ್ರ ಗ್ರಂಥಗಳಿಗೆ ರಟ್ಟು ಕಟ್ಟಿದ ಕೈ. ಈ ಕೆಲಸಕ್ಕೆ…

ಮಾರ್ಚ್ ೧೦, ಭಾನುವಾರ

ಸಂಕೋಚ ಜಪದ ನಡುವೆಯೇ ಕರಗಿತು. ದೇಹವನ್ನು ನಿರ್ಮಿಸಿದವನೇ ಈ ಸ್ರಾವವನ್ನೂ ನಿರ್ಮಿಸಿದ. ಅವನಿಗಿಲ್ಲದ ಹೇಸಿಗೆ ನನಗೇಕೆ.

ಹಳೆಯ ದುಪ್ಪಟಿ ಹರಿದೆ. ಒಳಗೆ ಫ್ಲಾನೆಲ್ಲಿನ ಪದರ. ಎರಡು ಬದಿಗೆ ರೆಕ್ಕೆ, ರೆಕ್ಕೆಗೆ ಗುಂಡಿ — ನರ್ಸಮ್ಮ ಕತ್ತರಿಸಿಕೊಟ್ಟ ಮಾದರಿ. ಪುಸ್ತಕದ ಬೆನ್ನಿಗೆ ಹಾಕುವ ಹೊಲಿಗೆಯನ್ನೇ ಹಾಕಿದೆ, ಬಿಚ್ಚುವ ಮಾತಿಲ್ಲ. ಕೊನೆಗೆ ಮಾಡುವ ಕೆಲಸವನ್ನೂ ಬಿಡಲಿಲ್ಲ: ಗಂಜಿ ಅದ್ದಿ, ಒಣಗಿಸಿ, ಇಸ್ತ್ರಿ. ಬೈಂಡಿಂಗ್ ಬಟ್ಟೆಗೆ ಗಂಜಿ ಹಾಕದೆ ಒಂದು ದಿನವೂ ಕೆಲಸ ಮಾಡಿದವನಲ್ಲ. ರಟ್ಟಿನಂತೆ ಸೆಟೆದು ನಿಂತವು. ನೋಡಲು ಚೆಂದ.

ಸಿಡುಕಿ ಒಂದನ್ನೆತ್ತಿ ಬೆಳಕಿಗೆ ಹಿಡಿದಳು. "ತಾತ, ಬೆನ್ನ ಮೇಲೆ ಹೆಸರನ್ನೂ ಚಿನ್ನದ ಅಕ್ಷರದಲ್ಲಿ ಅಚ್ಚು ಹಾಕ್ತೀಯಾ?"

ನಕ್ಕೆವು. ಈ ಮನೆಯಲ್ಲಿ ನಗು ಕೇಳಿ ಎಷ್ಟೋ ಕಾಲವಾಗಿತ್ತು.

ಏಪ್ರಿಲ್ ೧, ಸೋಮವಾರ. ಸಂಜೆ



ಪ್ರೆಸ್ಸಿನ ಹೆಂಗಸರು ಅವಳನ್ನು ಎತ್ತಿಕೊಂಡೇ ತಂದರು. ಬಲಗೈ ಕಟ್ಟಿದೆ. ತುಟಿ ಸೀಳಿದೆ. ಹಣೆ ಊದಿದೆ. ಅವರು ಹೇಳಿದ್ದನ್ನು ಹೇಳಿದಂತೆ ಬರೆಯುತ್ತೇನೆ.

ಮಧ್ಯಾಹ್ನ ಬಟ್ಟೆ ರಕ್ತವನ್ನು ಹೀರಲಿಲ್ಲ. ರಕ್ತ ಮೇಲೆಯೇ ಜಾರಿತು. ಲಂಗದ ಹಿಂಭಾಗ ನೆನೆಯಿತು. ಬಚ್ಚಲಿಗೆ ಬಿಡಿ ಎಂದು ಕೇಳಿದಳು. ಬಿಡಲಿಲ್ಲ. ಸೂಪರ್‌ವೈಸರ್ — ಬಿಳಿ ಬೂಟು ಎಂದೇ ಅವನ ಹೆಸರು, ಇಂಕಿನ ನೆಲದ ಮೇಲೂ ಕಲೆಯಾಗದ ಬಿಳಿ ಬೂಟು — ರದ್ದಿ ಹಾಳೆಯೊಂದನ್ನು ಅವಳ ಬೆನ್ನ ಕೆಳಗೆ ಅಂಟಿಸಿ ಎಲ್ಲರನ್ನೂ ಕರೆದ. ಮಷೀನಿಂದ ಕೆಂಪು ಇಂಕ್ ಸೋರ್ತಿದೆ, ಯಾರಾದ್ರೂ ಒರೆಸಿ ಎಂದ. ಕೆಲವರು ನಕ್ಕರು.

ಕಾಗದ ತಟ್ಟುವ ಮರದ ದಿಮ್ಮಿ ಅವಳ ಕೈಯಲ್ಲೇ ಇತ್ತು. ಅವನ ಬಾಯಿಗೆ ಬೀಸಿದಳು. ಹಲ್ಲೊಂದು ಬಿತ್ತು.

ಅವನು ಕೂದಲು ಹಿಡಿದು ಮುಖವನ್ನು ಕಬ್ಬಿಣಕ್ಕೆ ಬಡಿದ. ಬಲಗೈಯನ್ನು ಕಾಗದದ ಕಟ್ಟು ಅದುಮುವ ಕ್ಲಾಂಪಿನಡಿ ತಳ್ಳಿ ಪೆಡಲ್ ಮೆಟ್ಟಿದ. ಮೆಟ್ಟಿಯೇ ನಿಂತ. ಅಲಗು ಮಾತ್ರ ಇಳಿಯಲಿಲ್ಲ. ಹೆಂಗಸರು ಅವಳನ್ನು ಬಿಡಿಸುವಷ್ಟರಲ್ಲಿ ಎರಡು ಬೆರಳಿನ ಮೂಳೆ ಪುಡಿಯಾಗಿತ್ತು.

ರಕ್ತ ಕಂಡು ಹೇಸಿದವನು ರಕ್ತ ಹರಿಸಲು ಹೇಸಲಿಲ್ಲ.

ಏಪ್ರಿಲ್ ೨, ಮಂಗಳವಾರ

ನರ್ಸಮ್ಮ ಉಳಿದ ಬಟ್ಟೆಯೊಂದನ್ನು ಮುಟ್ಟಿ ನೋಡಿದರು. ಲೋಟದಿಂದ ನೀರು ತೊಟ್ಟಿಕ್ಕಿಸಿದರು. ಹನಿ ಮಣಿಯಂತೆ ಉರುಳಿ ಕೆಳಗೆ ಬಿತ್ತು.

"ಗಂಜಿ ಹಾಕಿದ್ರಾ?"

ಹೂಂ ಎಂದೆ. ಅವರು ಬಟ್ಟೆಯನ್ನು ನನ್ನ ಕೈಗಿಟ್ಟರು. ಅದೇ ಸಾಕಾಯಿತು. ಹೀರಬೇಕಾದ ಬಟ್ಟೆಯ ನೂಲೆಳೆಗಳ ನಡುವಿನ ಕಣ್ಣುಗಳನ್ನು ಗಂಜಿಯಿಂದ ನಾನೇ ಮುಚ್ಚಿದ್ದೆ.

ಹಾಸಿಗೆಯ ಪಕ್ಕ ಕುಳಿತು ಸಿಡುಕಿಗೆ ಎಲ್ಲವನ್ನೂ ಹೇಳಿದೆ. ಮುಖ ನೋಡಲಾಗಲಿಲ್ಲ.

"ನಿನ್ನ ಗಂಜಿ ನನ್ನ ಕೈ ಮುರೀಲಿಲ್ಲ ತಾತ," ಎಂದಳು. ಮತ್ತೆ ಗೋಡೆಯ ಕಡೆ ಹೊರಳಿ, "ಹಲ್ಲು ಮುಂದಿನದೇ ಬಿತ್ತು, ಅಲ್ವಾ?"

ಏಪ್ರಿಲ್ ೫, ಶುಕ್ರವಾರ

ದೂರು ಕೊಟ್ಟಾಯಿತು. ಹದಿನೈದಕ್ಕೆ ಕಾರ್ಮಿಕ ಅಧಿಕಾರಿಯ ಮುಂದೆ ವಿಚಾರಣೆ. ತಾನೇ ಅಜಾಗ್ರತೆಯಿಂದ ಕೈಯಿಟ್ಟಳು ಎಂಬುದು ಬಿಳಿ ಬೂಟಿನ ಹೇಳಿಕೆ. ಅವಳೂ ಹಾಗೇ ಅಂದುಬಿಟ್ಟರೆ ಕೆಲಸ ಉಳಿಯುತ್ತದೆ ಎಂದು ಮಾಲೀಕರು ಹೇಳಿಕಳಿಸಿದ್ದಾರೆ. ಅನ್ನುವುದಿಲ್ಲ ಎನ್ನುತ್ತಾಳೆ. ಕಣ್ಣಾರೆ ಕಂಡ ಹೆಂಗಸರು ಬಾಯಿ ಬಿಡದಿದ್ದರೆ ಅವಳ ಮಾತು ಒಂಟಿ.

ಬಟ್ಟೆಗಳನ್ನು ಬಿಸಿನೀರಲ್ಲಿ ನೆನೆಹಾಕಿ ತಿಕ್ಕಿದೆ. ಗಂಜಿ ಹಾಲಿನಂತೆ ಬಿಟ್ಟಿತು. ತಾರಸಿಯ ಬಿಸಿಲಿಗೆ ಹಾಕಿದೆ. ಈಗ ನೀರು ಬಿಟ್ಟ ಕೂಡಲೇ ಒಳಗಿಳಿಯುತ್ತದೆ. ತಡವಾಗಿ ಬಂದ ಜ್ಞಾನ.

ಏಪ್ರಿಲ್ ೭, ಭಾನುವಾರ

ಪ್ರೆಸ್ಸಿನ ಹೆಂಗಸರು ನೋಡಲು ಬಂದರು. ತಂತಿಯ ಮೇಲಿನ ಬಟ್ಟೆ ಮುಟ್ಟಿದರು. ಒಬ್ಬಾಕೆ ತಗ್ಗಿದ ದನಿಯಲ್ಲಿ ತನಗೂ ಬೇಕೆಂದಳು. ಆಮೇಲೆ ಇನ್ನೊಬ್ಬಳು. ಎಲ್ಲರಿಗೂ ಅದೇ ಗಾಯವಂತೆ, ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ. ಸಂಜೆಯವರೆಗೆ ನನ್ನ ಮೇಜಿನ ಸುತ್ತ ಹೊಲಿದರು. ಪ್ರೂಫ್ ನೋಡುವ ಹಿರಿಯಕ್ಕ ನನ್ನ ಹೊಲಿಗೆಯಲ್ಲೂ ತಪ್ಪು ಹಿಡಿದಳು. ವಿಚಾರಣೆಯ ಮಾತೆತ್ತಿದೆ. ಸೂಜಿಗಳು ನಿಂತವು. ಬಾಯಿ ಬಿಟ್ಟರೆ ನಾಳೆ ನಮ್ಮ ಕೈಯೂ ಆ ಕ್ಲಾಂಪಿನಡಿ ಎಂದಳು ಹಿರಿಯಕ್ಕ.

ತಪ್ಪೆನ್ನಲಾರೆ.

ಏಪ್ರಿಲ್ ೧೨, ಶುಕ್ರವಾರ

ಕನ್ನಡಕವಿಲ್ಲದೆ ಬರೆಯುತ್ತಿದ್ದೇನೆ. ಸಾಲು ಓರೆಯಾದೀತು.

ಮಧ್ಯಾಹ್ನ. ಸಿಡುಕಿ ನರ್ಸಮ್ಮನೊಡನೆ ಆಸ್ಪತ್ರೆಗೆ ಹೋಗಿದ್ದಳು. ತಾರಸಿಯಲ್ಲಿ ಬಟ್ಟೆ ತಿರುವಿ ಹಾಕುತ್ತಿದ್ದೆ. ಬಿಳಿ ಬೂಟು ಬಂದ, ಜೊತೆಗೆ ಇಬ್ಬರು. ಮೊದಲು ಯಜಮಾನ್ರೇ ಎಂದ. ಆರೋಗ್ಯ ವಿಚಾರಿಸಿದ. ನಾನು ಬಟ್ಟೆ ತಿರುವುತ್ತಲೇ ಇದ್ದೆ. ತಂತಿಯನ್ನೇ ಕಿತ್ತ. ಬಟ್ಟೆಗಳನ್ನು ತುಳಿದ. ಅಡ್ಡ ಹೋದೆ. ಕೆನ್ನೆಗೆ ಬಿತ್ತು, ಕನ್ನಡಕ ಅವನ ಹಿಮ್ಮಡಿಯಡಿ ಒಡೆಯಿತು. ಇಬ್ಬರು ತೋಳು ಹಿಡಿದರು. ಅವನು ಬಟ್ಟೆಯೊಂದನ್ನು ಮುದ್ದೆಮಾಡಿ ನನ್ನ ಬಾಯಿಗೆ ತುರುಕಿದ, ಹೆಬ್ಬೆರಳಿನಿಂದ ಒತ್ತಿ ಒತ್ತಿ, ಉಸಿರು ಕಟ್ಟುವವರೆಗೆ.

"ಹೊಲಿದೆಯಲ್ಲ ಮುದುಕಾ. ತಿನ್ನು."

ಸೋಮವಾರ ಅವಳು ಬಾಯಿ ಬಿಟ್ಟರೆ ಎಡಗೈಯೂ ಉಳಿಯುವುದಿಲ್ಲ ಎಂದು ಹೇಳಿ ಇಳಿದುಹೋದ.

ಒಂದು ಸಂಗತಿ ದಾಖಲಾಗಲಿ. ಆ ಬಟ್ಟೆಯಲ್ಲಿ ಸಾಬೂನಿನ, ಬಿಸಿಲಿನ ವಾಸನೆಯಿತ್ತು. ಹೊಲಸು ಇದ್ದದ್ದು ಆ ಹೆಬ್ಬೆರಳಿನಲ್ಲಿ.

ಸಂಜೆ ಕ್ಷಮೆಯ ಅಧ್ಯಾಯ ತೆರೆಯಲಿಲ್ಲ.

ಏಪ್ರಿಲ್ ೧೪, ಭಾನುವಾರ

ಪುಸ್ತಕದ ರಟ್ಟಿಗೆ ಹೊದಿಸುವ ಚರ್ಮ ಹೆರೆಯುವ ಚೂರಿಯನ್ನು ಪೆಟ್ಟಿಗೆಯಿಂದ ತೆಗೆದೆ. ಕಲ್ಲಿಗೆ ಎಣ್ಣೆ ಬಿಟ್ಟು ಮಸೆದೆ. ಮಸೆಯುತ್ತಲೇ ಜಪ ಮಾಡಿದೆ. ಎರಡಕ್ಕೂ ಲಯ ಒಂದೇ. ಅದೇ ಭಯಂಕರ.

ಅವನ ಕೊರಳಿನ ಯಾವ ಎಡೆ ಮೆತ್ತಗೆ ಎಂದು ಯೋಚಿಸಿದ್ದೂ ನಿಜ. ಬಹಳ ಹೊತ್ತು. ಸುಖವಾಗಿ.

ಸಿಡುಕಿ ಬಾಗಿಲಲ್ಲಿ ನಿಂತಿದ್ದಳು. ಬಟ್ಟೆ ಕತ್ತರಿಸಲು ಎಂದೆ. ನಂಬಲಿಲ್ಲ.

"ನೀನು ಅವನನ್ನ ಕೊಂದ್ರೆ ನನ್ನ ಮಾತು ಯಾರೂ ಕೇಳಲ್ಲ ತಾತ. ಎಲ್ಲರಿಗೂ ನಿನ್ನ ಕಥೆನೇ ಬೇಕಾಗುತ್ತೆ."

ಎಡಗೈಯಿಂದ ಫ್ಲಾನೆಲ್ಲಿನ ಸುರುಳಿ ಎಳೆದು ನನ್ನ ಮುಂದೆ ಹಾಸಿದಳು. ಬಟ್ಟೆಗೆ ತಾನೇ, ಕತ್ತರಿಸು ಎಂದಳು. ಕತ್ತರಿಸಿದೆ. ಅವಳಿಗೆ ಈಗ ಮುಟ್ಟಿನ ದಿನಗಳಲ್ಲ, ಆದರೂ ಕತ್ತರಿಸಿದೆ. ಬೆಳಕು ಹೋಗುವವರೆಗೆ.

ಹಿರಿಯಕ್ಕ ಬಂದು ಬಾಗಿಲಲ್ಲೇ ನಿಂತಳು. ನನ್ನ ಕೆನ್ನೆ ನೋಡಿದಳು, ತುಳಿದ ಬಟ್ಟೆಗಳನ್ನು ನೋಡಿದಳು. ಬೆಳಿಗ್ಗೆ ಬರ್ತೀವಿ ಎಂದಳು. ಎಷ್ಟು ಜನ ಎಂದು ಹೇಳಲಿಲ್ಲ.

ಏಪ್ರಿಲ್ ೧೫, ಸೋಮವಾರ. ಬೆಳಿಗ್ಗೆ

ಹೆಂಗಸರು ಇನ್ನೂ ಬಂದಿಲ್ಲ. ಅವನು ಬಂದಿದ್ದಾನೆ.

ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕುಳಿತಿದ್ದೇನೆ. ಹೊರಗಿನಿಂದ ಒದೆತ. ಪ್ರತಿ ಒದೆತವೂ ಬೆನ್ನುಮೂಳೆಗೆ ತಾಗುತ್ತಿದೆ. ಚಿಲಕದ ಒಂದು ಮೊಳೆ ಹೊರಬಂತು. ಎಡಗೈ, ಎಡಗೈ ಎಂದು ಕೂಗುತ್ತಿದ್ದಾನೆ. ಸಿಡುಕಿ ಎದುರು ಗೋಡೆಗೊರಗಿ ನಿಂತಿದ್ದಾಳೆ, ಕೈಗೆ ಬಿಳಿ ಪಟ್ಟಿ, ಒಗೆದ ಉಡುಪು. ಕಣ್ಣು ನನ್ನ ಮೇಲೆ. ಬಾಗಿಲ ಮೇಲಲ್ಲ, ನನ್ನ ಮೇಲೆ.

ಚೂರಿ ಫ್ಲಾನೆಲ್ಲಿನ ರಾಶಿಯ ಮೇಲಿದೆ. ಕೈಗೆಟುಕುತ್ತದೆ. ಈ ಕೈ ಬರೆಯುತ್ತಿರುವಷ್ಟು ಹೊತ್ತು ಬೇರೇನನ್ನೂ ಹಿಡಿಯಲಾರದು. ಅದಕ್ಕೇ ಬರೆಯುತ್ತಿದ್ದೇನೆ.

ಇನ್ನೊಂದು ಮೊಳೆ.

ಕೆಳಗೆ ಚಪ್ಪಲಿಗಳ ಸದ್ದು. ಒಂದೆರಡಲ್ಲ. ಮೆಟ್ಟಿಲು ತುಂಬ. ನರ್ಸಮ್ಮನ ದನಿ, ಹಿರಿಯಕ್ಕನ ದನಿ. ಒದೆತ ನಿಂತಿತು. ಬಾಗಿಲಾಚೆ ಹಿರಿಯಕ್ಕ ಕೂಗದೆ ಹೇಳಿದ್ದು ಸ್ಪಷ್ಟವಾಗಿ ಕೇಳಿತು — "ದಾರಿ ಬಿಡಪ್ಪ. ನಾವೆಲ್ಲ ಸಾಕ್ಷಿ ಹೇಳೋಕೆ ಹೊರಟಿದ್ದೀವಿ."

ಬಿಳಿ ಬೂಟು ಬಾಗಿಲು ಬಿಟ್ಟು ಸರಿಯಲಿಲ್ಲ. ಇಳಿಯಲೂ ಇಲ್ಲ.

"ತಾತ, ಪೆನ್ ಇಡು. ಬಾಗಿಲು ತೆಗಿ," ಎನ್ನುತ್ತಿದ್ದಾಳೆ ಸಿಡುಕಿ. ಚೂರಿಯ ಮೇಲೆ ಬಟ್ಟೆ ಮಡಚಿ ಹಾಕಿದ್ದಾಳೆ. ಏಳುತ್ತೇನೆ. ಎರಡೂ ಕೈ ಖಾಲಿಯಾಗಿ—