ನನ್ನ ತಮ್ಮ ‘ಹೌದು’ ಎಂದಿದ್ದ

ಮಾನ್ಯ ಪ್ರಾಂತೀಯ ಸಂಸ್ಕೃತಿ ನಿರ್ದೇಶಕರೇ,

ನಿಮ್ಮ ಕಚೇರಿಯ ತನಿಖಾ ವರದಿಯಲ್ಲಿ ಎರಡು ವಾಕ್ಯಗಳು ಸುಳ್ಳಾಗಿವೆ, ಅವನ್ನು ತಿದ್ದಬೇಕು. ಚಳಿಗಾಲದಲ್ಲಿ ಇದನ್ನೇ ನಿಮ್ಮೆದುರು ಕುಳಿತು ಕೇಳಿದ್ದೆ. ನೀವು ಒಪ್ಪಲಿಲ್ಲ. ಆದ್ದರಿಂದ ಈಗ ಊರಿನೆದುರು ನಿಂತು ಕೇಳುತ್ತಿದ್ದೇನೆ.

ಆ ವಾಕ್ಯಗಳು ಹೀಗಿವೆ: “ನೋವಿದೆಯೇ ಎಂದು ಆಸ್ಪತ್ರೆಯ ಸಿಬ್ಬಂದಿ ವಿಚಾರಿಸಿದಾಗ ಕಲಾವಿದರು ತಲೆಯನ್ನು ಎಡಬಲಕ್ಕೆ ಆಡಿಸಿ ನಿರಾಕರಿಸಿದರು. ಹೊರಡುತ್ತೀರಾ ಎಂದು ವಿಚಾರಿಸಿದಾಗ ತಲೆಯನ್ನು ಮೇಲೆ ಕೆಳಗೆ ಆಡಿಸಿ ಸಮ್ಮತಿಸಿದರು.” ಆ ಕಲಾವಿದ ನನ್ನ ತಮ್ಮ ಅಸೆನ್ ಕಾಲ್ಚೆವ್, ನಮ್ಮೂರಿನ ಸಿಂಫನಿ ವಾದ್ಯವೃಂದದಲ್ಲಿ ಹಿತ್ತಾಳೆಯ ಸುರುಳಿಕೊಂಬು ನುಡಿಸುತ್ತಿದ್ದವನು. ಕಳೆದ ನವೆಂಬರಿನಲ್ಲಿ ನೀವು ಜರ್ಮನಿಗೆ ಕಳುಹಿಸಿದ ಪ್ರವಾಸದಿಂದ ಅವನು ಜೀವಂತವಾಗಿ ಮರಳಲಿಲ್ಲ. ಕಾಯಿಲೆಯನ್ನು ತಾನೇ ಮುಚ್ಚಿಟ್ಟ, ಆಸ್ಪತ್ರೆಯಿಂದ ಹೊರಡಲು ತಾನೇ ಬಯಸಿದ, ಆದಕಾರಣ ಯಾರ ಲೋಪವೂ ಇಲ್ಲ ಎಂಬ ತೀರ್ಮಾನವನ್ನು ನೀವು ಈ ಎರಡು ವಾಕ್ಯಗಳ ಬೆನ್ನ ಮೇಲೆ ಹೇರಿದ್ದೀರಿ.

ನಾನು ಈ ಊರಿನ ಶಾಲೆಯಲ್ಲಿ ತಾಯ್ನುಡಿಯನ್ನು ಕಲಿಸಿ ನಿವೃತ್ತಳಾದವಳು. ವಾಕ್ಯವೊಂದು ಕೈಗೆ ಬಂದರೆ ಅದನ್ನು ಬಿಡಿಸಿ ನೋಡದೆ ಇರಲಾರೆ. ನಿಮ್ಮ ವಾಕ್ಯಗಳು ವ್ಯಾಕರಣಶುದ್ಧವಾಗಿವೆ ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಕರ್ತೃಪದ ತನ್ನ ಜಾಗದಲ್ಲಿದೆ, ಕ್ರಿಯಾಪದ ಅದಕ್ಕೆ ವಿಧೇಯವಾಗಿದೆ. ತಲೆ ಯಾವ ದಿಕ್ಕಿಗೆ ಆಡಿತು ಎಂಬ ವರ್ಣನೆಯೂ ದಿಟವೇ. ಸುಳ್ಳು ಅಡಗಿರುವುದು ‘ನಿರಾಕರಿಸಿದರು’, ‘ಸಮ್ಮತಿಸಿದರು’ ಎಂಬ ಕೊನೆಯ ಪದಗಳಲ್ಲಿ. ತಮಗೆ ಮರೆತಂತಿರುವುದರಿಂದ ನೆನಪಿಸುತ್ತೇನೆ: ಬಲ್ಗೇರಿಯದಲ್ಲಿ ತಲೆಯನ್ನು ಎಡಬಲಕ್ಕೆ ಆಡಿಸಿದರೆ ‘ಹೌದು’, ಮೇಲೆ ಕೆಳಗೆ ಆಡಿಸಿದರೆ ‘ಇಲ್ಲ’. ಹೊರಗಿನ ಲೋಕದಲ್ಲಿ ಇದು ತಿರುವುಮುರುವಾಗಿದ್ದರೆ ಅದು ಲೋಕದ ಪಾಡು. “ಇನ್ನೊಂದು ತುಂಡು ಬಾನಿತ್ಸಾ ಹಾಕ್ಲೇನೋ?” ಎಂದು ನಿಮ್ಮ ತಾಯಿ ಕೇಳಿದಾಗ ನೀವು ತಲೆಯನ್ನು ಯಾವ ದಿಕ್ಕಿಗೆ ಆಡಿಸಿ ಈ ಗಾತ್ರಕ್ಕೆ ಬೆಳೆದಿರಿ?

ವಾದ್ಯವೃಂದ ಹೊರಟ ಬೆಳಿಗ್ಗೆ ನೀವು ಸಭಾಂಗಣದ ಮೆಟ್ಟಿಲ ಮೇಲೆ ನಿಂತು ಭಾಷಣ ಮಾಡಿದಿರಿ. “ಸಂಗೀತಕ್ಕೆ ಭಾಷಾಂತರಕಾರ ಬೇಕಿಲ್ಲ!” ಎಂದಿರಿ. ಬೀಳ್ಕೊಡಲು ಬಂದಿದ್ದ ನಾವೆಲ್ಲ ಚಪ್ಪಾಳೆ ತಟ್ಟಿದೆವು. ನಾನೂ ತಟ್ಟಿದೆ, ವಾಕ್ಯ ಚೊಕ್ಕವಾಗಿತ್ತು. ಹಿಂದಿನ ಪ್ರವಾಸಗಳಲ್ಲೆಲ್ಲ ಚಾಲಕನ ಪಕ್ಕದಲ್ಲಿ ಕೂರುತ್ತಿದ್ದ ಭಾಷಾಂತರಕಾರ್ತಿ ಈ ಸಲ ಇರಲಿಲ್ಲ. ಅವಳ ಸೀಟಿನಲ್ಲಿ, ನಿಮ್ಮ ಭಾವಚಿತ್ರವನ್ನು ಮುಖಪುಟದಲ್ಲಿ ಹೊತ್ತ ಪರಿಚಯ ಪುಸ್ತಿಕೆಗಳ ಪೆಟ್ಟಿಗೆಯೊಂದು ಸುಖವಾಗಿ ಕುಳಿತಿತ್ತು. ನಿಮ್ಮ ಮಾತನ್ನು ನಾನು ಅಲಂಕಾರವೆಂದು ತಿಳಿದಿದ್ದೆ. ಅದು ಆದೇಶವಾಗಿತ್ತೆಂದು ಆಮೇಲೆ ತಿಳಿಯಿತು. ಸಂಗೀತಕ್ಕೆ ಭಾಷಾಂತರ ಬೇಡವೆಂದೇ ಇಟ್ಟುಕೊಳ್ಳೋಣ. ಎದೆನೋವಿಗೂ ಬೇಡವೆ?

ಭಾಷಾಂತರಕಾರ್ತಿಯ ಬದಲಿಗೆ ನೀವು ಕೊಟ್ಟದ್ದು ಒಂದು ಸೂಚನಾಪತ್ರ. ಗಡಿ ದಾಟಿದ ಮೇಲೆ ಹೌದು ಮತ್ತು ಇಲ್ಲಗಳಿಗೆ ಆತಿಥೇಯ ದೇಶದ ತಲೆಯಾಟವನ್ನೇ ಬಳಸತಕ್ಕದ್ದು ಎಂದು ಅದರಲ್ಲಿ ಅಪ್ಪಣೆಯಾಗಿತ್ತು. ಅಸೆನ್‌ನ ಪಕ್ಕದಲ್ಲಿ ಕುಳಿತು ಎರಡನೆಯ ಕೊಂಬು ನುಡಿಸುವ ಸ್ಪಾಸ್ ಆ ಬಸ್ಸಿನ ಕಥೆಯನ್ನು ನನ್ನ ಅಡುಗೆಮನೆಯಲ್ಲಿ ಹೇಳಿದ್ದಾನೆ. ಗಡಿ ದಾಟುತ್ತಲೇ ನಗಾರಿ ಬಾರಿಸುವಾತ ಎದ್ದುನಿಂತು ಮೇಷ್ಟ್ರಾದನಂತೆ.

“ಎಲ್ರೂ ಒಟ್ಟಿಗೆ ಹೇಳ್ರಪ್ಪಾ! ಬಿಯರ್ ಬೇಕಾ?”

ಅರ್ಧ ಬಸ್ಸು ಅಭ್ಯಾಸಬಲದಿಂದ ಎಡಬಲಕ್ಕೆ ಆಡಿಸಿತು.

“ನಿಮಗಿಲ್ಲ ಹೋಗ್ರಿ! ಬೇಡ ಅಂದ್ರಲ್ಲ! ಇಲ್ಲಿಂದಾಚೆ ಹೀಗೇ ಬಾಯಿ ಒಣಗಿಸ್ಕೊಂಡು ಸಾಯ್ತೀರ ನೋಡಿ.”

“ಅಯ್ಯೋ ಬಿಡೋ ಮಾರಾಯ,” ಎಂದನಂತೆ ನನ್ನ ತಮ್ಮ. “ಐವತ್ತು ವರ್ಷ ನಮ್ಮಕ್ಕನ ಮುಂದೆ ಹೌದು ಹೌದು ಅಂತ ಆಡಿಸಿ ತಿರುಪು ಸವೆದುಹೋದ ತಲೆ ಇದು. ಈಗ ಬೇರೆ ಕಡೆ ತಿರುಗಿಸಿದ್ರೆ ಕಳಚಿ ಕೈಗೆ ಬರತ್ತೆ.”

“ನಿಮ್ಮಕ್ಕನ್ನೇ ಕರ್ಕೊಂಡು ಬರಬೇಕಿತ್ತು ಕಣೋ. ಜರ್ಮನ್ನರೇ ತಿರುಗಿಸ್ಕೊಳ್ತಿದ್ರು!”

ಇದನ್ನು ಹೇಳುವಾಗ ಸ್ಪಾಸ್ ನಕ್ಕ. ನಾನೂ ನಕ್ಕೆ. 

ಕೊಂಬು ನುಡಿಸುವವನ ಬಂಡವಾಳವೆಲ್ಲ ಅವನ ತುಟಿಯಲ್ಲಿರುತ್ತದೆ. ಅಸೆನ್ ಸಂಗೀತ ಕಛೇರಿಯ ದಿನ ಅದನ್ನು ಮಾತಿಗೆ ಖರ್ಚು ಮಾಡುತ್ತಿರಲಿಲ್ಲ. ನುಡಿಸಿ ಮುಗಿಸಿದ ಮೇಲಂತೂ ತುಟಿ ಮರಗಟ್ಟಿ, ಮನೆಗೆ ಬಂದರೆ ಊಟ ಬೇಕೋ ಬೇಡವೋ ಎಂಬುದಕ್ಕೂ ತಲೆಯೇ ಉತ್ತರ ಕೊಡಬೇಕಿತ್ತು. ಬಾಲ್ಯದಿಂದಲೂ ಹಾಗೆಯೇ. ನನ್ನದೇ ತರಗತಿಯಲ್ಲಿ ಕೂತಿದ್ದಾಗ “ನಾಲಗೆ ಇದೆಯಲ್ಲ, ಬಾಯಿಬಿಟ್ಟು ಹೇಳು” ಎಂದು ನಾನು ಗದರಿದರೆ, ಆಗಲಿ ಎಂಬುದನ್ನೂ ತಲೆಯಾಡಿಸಿಯೇ ಹೇಳಿ ಇಡೀ ತರಗತಿಯನ್ನು ನಗಿಸುತ್ತಿದ್ದ. ಇಂಥವನ ತಲೆಯಾಟವನ್ನು ನೀವು ನನಗೆ ಅರ್ಥ ಮಾಡಿಸಲು ಹೊರಟಿದ್ದೀರಿ.

ಆಸ್ಪತ್ರೆಗೆ ಹೋದ ದಿನ ಮಧ್ಯಾಹ್ನದ ಕಛೇರಿಯಲ್ಲಿ ನಿಧಾನಗತಿಯ ಭಾಗದ ಒಂಟಿ ಕೊಂಬಿನ ಸರದಿ ಅವನದಿತ್ತು. ಎಂದಿಗಿಂತ ಚೆನ್ನಾಗಿ ನುಡಿಸಿದ ಎನ್ನುತ್ತಾನೆ ಸ್ಪಾಸ್. ಸತ್ತವರ ಬಗ್ಗೆ ಎಲ್ಲರೂ ಹಾಗೆಯೇ ಹೇಳುತ್ತಾರೆ, ನಾನು ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನುಡಿಸಿ ಮುಗಿಸಿ ಕೊಂಬನ್ನು ಪೆಟ್ಟಿಗೆಯಲ್ಲಿಡಲು ಬಗ್ಗಿದವನು ಎದೆ ಹಿಡಿದುಕೊಂಡು ಕುಳಿತ. ಸ್ಪಾಸ್ ಅವನನ್ನು ಟ್ಯಾಕ್ಸಿಯಲ್ಲಿ ಆಸ್ಪತ್ರೆಗೆ ಕರೆದೊಯ್ದ. ಒಳಗೆ ರೋಗಿಯೊಬ್ಬನೇ ಹೋಗಬೇಕೆಂದರು. ಮುಂದಿನದನ್ನು ಸ್ಪಾಸ್‌ನ ಬಾಯಿಂದಲೇ ಕೇಳಿ.

“ಬಾಗಿಲ ಗಾಜಿನ ಕಿಂಡೀಲಿ ನೋಡ್ತಾನೇ ಇದ್ದೆ ಅಕ್ಕಾ. ಅದೇನೋ ತಂತಿ ಹಚ್ಚಿ ಚೀಟಿ ತೆಗೆದ್ರು, ನೋಡಿ ಪಕ್ಕಕ್ಕಿಟ್ರು. ಆಮೇಲೆ ದಾದಿ ಹುಡುಗಿ ತನ್ನೆದೆ ಮುಟ್ಟಿ, ಮುಖ ಕಿವುಚಿ ತೋರಿಸಿದ್ಲು, ಇಲ್ಲಿ ನೋವಾ ಅಂತ. ಇವನು ಹೌದು ಅಂದ. ತೋಳು ತೋರಿಸಿದ್ಲು. ಹೌದು ಅಂದ. ಮತ್ತೆ ಕೇಳಿದ್ಲು. ಜೋರಾಗಿ ಹೌದು ಅಂದ. ಸದ್ಯ, ಎಲ್ಲಾ ಹೇಳ್ಕೊಳ್ತಿದಾನಲ್ಲ ಅಂತ ಜೀವ ತಣ್ಣಗಾಯ್ತು. ಹೋಗಿ ಬೆಂಚ್ ಮೇಲೆ ಕೂತೆ.”

“ಒಳಗೆ ನುಗ್ಗಬೇಕಿತ್ತು ನೀನು.”

“ನುಗ್ಗಿ ಏನಂತ ಹೇಳ್ಲಿ ಅಕ್ಕಾ? ಕಣ್ಣಾರೆ ನೋಡಿದೆ. ಹೌದು ಅಂತಿದ್ದ.”

ಈ ಮಾತನ್ನು ತಾವು ಎರಡು ಸಲ ಓದಬೇಕೆಂದು ಕೋರುತ್ತೇನೆ. ಒಂದೇ ತಲೆ, ಒಂದೇ ಆಟ. ಬಾಗಿಲ ಒಳಗೆ ಅದು ‘ಇಲ್ಲ’ವಾಯಿತು, ಹೊರಗೆ ‘ಹೌದು’ ಆಯಿತು. ನಡುವೆ ಇದ್ದದ್ದು ಒಂದು ಗಾಜು. ಅಲ್ಲಿ ಒಬ್ಬ ಭಾಷಾಂತರಕಾರ್ತಿ ನಿಂತಿರಬೇಕಾಗಿತ್ತು. ಹೊರಡುತ್ತೀಯಾ ಎಂದು ಬಾಗಿಲ ಕಡೆ ಕೈತೋರಿಸಿದಾಗ ಅವನು ಇಲ್ಲವೆಂದು ಗೋಣನ್ನು ಮೇಲೆ ಕೆಳಗೆ ಮಾಡಿರಬೇಕು. ಅವರು ಕೋಟನ್ನು ಎತ್ತಿ ಕೈಗೆ ಕೊಟ್ಟರು.

“ಏನಂದ್ರೋ?” ಎಂದು ಸ್ಪಾಸ್ ಕೇಳಿದ.

“ಹೋಗು ಅಂತಾರೆ.”

“ನೋವು ಅಂತ ಹೇಳಿದೆ ತಾನೆ?”

“ಕೇಳಿದ್ದಕ್ಕೆಲ್ಲ ಹೌದು ಅಂದೆ ಕಣೋ. ಇರ್ತೀನಿ ಅಂತಾನೂ ಹೇಳಿದೆ. ದೊಡ್ಡ ದೇಶದ ಡಾಕ್ಟರು, ಅವರಿಗೆ ಗೊತ್ತಿರಲ್ವೇ? ನಡಿ, ನಾಳೆ ಬೇರೆ ಊರಲ್ಲಿ ನುಡಿಸಬೇಕು.”

ಮರುದಿನ ಬಸ್ಸು ಮುಂದಿನ ಊರಿಗೆ ಹೊರಟಿತು. ಅಸೆನ್ ಕಿಟಕಿಗೆ ಒರಗಿ ಕುಳಿತಿದ್ದ. ದಾರಿಯಲ್ಲಿ ಬಸ್ಸಿನ ಕಾಫಿಯಂತ್ರದ ಬಳಿಯಿಂದ ಸ್ಪಾಸ್ ಕೂಗಿ ಕೇಳಿದ: “ನಿಂಗೂ ಕಾಫಿ ತರ್ಲೇನೋ?” ಅಸೆನ್‌ನ ತಲೆ ಎಡಕ್ಕೂ ಬಲಕ್ಕೂ ಆಡಿತು.

“ಹೌದು ಅಂತಿದಾನೆ ಅಂದ್ಕೊಂಡೆ ಅಕ್ಕಾ,” ಎಂದ ಸ್ಪಾಸ್. “ಸಕ್ಕರೆ ಹಾಕಿ ತಂದು ಕೊಡೋಕೆ ಹೋದ್ರೆ ಕೈ ತಣ್ಣಗಾಗಿತ್ತು. ಬಸ್ಸಿನ ಕುಲುಕಾಟ ಅದು.”

ಆ ದಾದಿಯ ಮೇಲೆ ನನಗೆ ಸಿಟ್ಟಿಲ್ಲ. ಅವಳು ಮತ್ತೆ ಮತ್ತೆ ಕೇಳಿದ್ದಾಳೆ. ಕಂಡದ್ದನ್ನು ತನಗೆ ಬರುವ ಭಾಷೆಯಲ್ಲಿ ಓದಿದ್ದಾಳೆ. ಸರಿಯಾಗಿ ಉಪಚರಿಸಿದ್ದರೆ ನನ್ನ ತಮ್ಮ ಬದುಕುತ್ತಿದ್ದನೋ ಇಲ್ಲವೋ, ಅದನ್ನೂ ನಾನು ಹೇಳಲಾರೆ. ತಿಳಿಯದ್ದನ್ನು ತಿಳಿದಂತೆ ಬರೆಯಬಾರದೆಂದು ಮಕ್ಕಳಿಗೆ ಕಲಿಸಿದವಳು ನಾನು. ಆದರೆ ಪರದೇಶದ ದಾದಿಯೊಬ್ಬಳು ಅರಿಯದೆ ಮಾಡಿದ ತಪ್ಪನ್ನು ಸ್ವದೇಶದ ಅಧಿಕಾರಿಯೊಬ್ಬರು ಅರಿತೂ ಅರಿತೂ ನಕಲು ಮಾಡಿ, ಕೆಳಗೆ ಮೊಹರು ಒತ್ತಿದರೆ ಅದಕ್ಕೆ ಏನೆನ್ನಬೇಕು? ಪರೀಕ್ಷೆಯಲ್ಲಿ ಪಕ್ಕದವನ ತಪ್ಪು ಉತ್ತರವನ್ನು ನಕಲು ಮಾಡಿದವನಿಗೆ ನಾನು ಸೊನ್ನೆಯನ್ನಷ್ಟೇ ಕೊಡುತ್ತಿರಲಿಲ್ಲ, ಪೋಷಕರನ್ನೂ ಕರೆಸುತ್ತಿದ್ದೆ. ನಿಮ್ಮ ಪೋಷಕರು ಯಾರೆಂದು ತಿಳಿಯದೆ ಈ ಪತ್ರವನ್ನು ಬಹಿರಂಗಪಡಿಸುತ್ತಿದ್ದೇನೆ.

ಚಳಿಗಾಲದಲ್ಲಿ ನಡೆದ ನಮ್ಮ ಭೇಟಿಯನ್ನು ನೆನಪಿಸಿಕೊಳ್ಳಿ.

“ಮೇಡಂ, ಸೂಚನಾಪತ್ರ ಕೊಟ್ಟಿದ್ದೆವು,” ಎಂದಿರಿ. “ಅದರ ಪ್ರಕಾರ ನೋಡಿದರೆ ಅವರ ಉತ್ತರ ಇಲ್ಲ ಅಂತಲೇ ಆಗತ್ತೆ.”

“ನೋವೇ ಇಲ್ಲದವನು ಆಸ್ಪತ್ರೆಗೆ ಯಾಕೆ ಹೋದ ಸ್ವಾಮಿ? ಗೋಡೆ ನೋಡೋದಕ್ಕಾ?”

“ಅದು ನಮ್ಮ ತನಿಖೆಯ ವ್ಯಾಪ್ತಿಗೆ ಬರೋದಿಲ್ಲ.”

“ಹಾಗಾದ್ರೆ ಆ ಎರಡು ಮಾತು ತಿದ್ತೀರಾ?”

ಆಗ ನೀವು ಬಾಯಿ ತೆರೆಯಲಿಲ್ಲ. ನನ್ನ ಮುಖವನ್ನೇ ನೋಡುತ್ತ ತಲೆಯನ್ನು ಮೇಲೆ ಕೆಳಗೆ ಆಡಿಸಿದಿರಿ. ನಾನು ಕೃತಜ್ಞತೆ ಹೇಳಿದೆನೆ? ತಿದ್ದುತ್ತಾರೆ ಎಂದು ಸಂತೋಷಪಟ್ಟೆನೆ? ಕೈಚೀಲ ಎತ್ತಿಕೊಂಡು ಎದ್ದುಬಂದೆ. ನೀವು ‘ಇಲ್ಲ’ ಎಂದಿರಿ. ನನಗೆ ‘ಇಲ್ಲ’ ಎಂದೇ ಅರ್ಥವಾಯಿತು. ಬೆಚ್ಚಗಿನ ಕೋಣೆಯಲ್ಲಿ, ನೋವಿಲ್ಲದೆ, ಭಯವಿಲ್ಲದೆ ಕುಳಿತ ನಿಮಗೇ ಆ ಕ್ಷಣದಲ್ಲಿ ಸೂಚನಾಪತ್ರ ನೆನಪಾಗಲಿಲ್ಲ. ಎದೆ ಸೀಳುತ್ತಿರುವಾಗ, ಅರಿಯದ ಊರಿನಲ್ಲಿ, ಅರಿಯದವರ ನಡುವೆ ಮಲಗಿದ್ದವನಿಗೆ ನೆನಪಾಗಬೇಕಿತ್ತೆ? ಸಂಕಟ ಬಂದಾಗ ನಾಲಗೆ ಅಮ್ಮಾ ಎನ್ನುತ್ತದೆಯೇ ಹೊರತು ನಿಘಂಟು ಹುಡುಕುವುದಿಲ್ಲ. ತಲೆಗೂ ಒಂದು ತಾಯ್ನುಡಿಯಿದೆ, ಮಾನ್ಯರೇ. ನನ್ನ ತಮ್ಮ ಅದರಲ್ಲಿ ಮಾತಾಡಿದ. ಅವನು ಏನನ್ನೂ ಮುಚ್ಚಿಡಲಿಲ್ಲ. ಜೀವಮಾನದಲ್ಲಿ ಮೊದಲ ಬಾರಿಗೆ, ಕೇಳಿದ್ದಕ್ಕೆಲ್ಲ ಪೂರ್ಣ ಉತ್ತರ ಕೊಟ್ಟ.

ಕಳೆದ ವಾರ ಅವನು ಹೋಗಿ ಅರ್ಧ ವರ್ಷವಾಯಿತು. ಗೋಧಿ ಬೇಯಿಸಿ, ಸಕ್ಕರೆ ಬೆರೆಸಿ, ಸಮಾಧಿಯ ಬಳಿ ಹಂಚಿದೆ. ಎಲ್ಲರೂ ಮಾಡುವಂತೆ ಅವನ ಚಿತ್ರವಿರುವ ಸ್ಮರಣೆಯ ಹಾಳೆ ಅಚ್ಚುಹಾಕಿಸಿ ನಮ್ಮ ಬಾಗಿಲಿಗೆ, ಬೀದಿಯ ಲಿಂಡನ್ ಮರಕ್ಕೆ, ರೊಟ್ಟಿ ಅಂಗಡಿಗೆ ಅಂಟಿಸಿದೆ. ಒಂದನ್ನು ಸಭಾಂಗಣದ ಬಾಗಿಲಿಗೂ ಅಂಟಿಸಿದೆ. ಅಲ್ಲಿ ನುಡಿಸಿ ತೀರಿಕೊಂಡವರೆಲ್ಲರ ಹಾಳೆಗಳು ಆ ಬಾಗಿಲಲ್ಲೇ ಮಳೆಗೆ ತೊಯ್ದು ಮಾಸಿವೆ. ಹೆಸರಿನ ಕೆಳಗೆ ಒಂದೇ ಸಾಲು ಬರೆದಿದ್ದೆ: “ನೋವಿದೆಯೇ ಎಂದು ಕೇಳಿದಾಗ ಅವನು ಹೌದು ಎಂದಿದ್ದ.” ಒಕ್ಕಣೆ ಆಕ್ಷೇಪಾರ್ಹವೆಂದು ನೀವು ಅಂದೇ ಕೀಳಿಸಿದಿರಿ. ಸಂಜೆ ಕಾವಲುಗಾರ ಮಿತ್ಕೊ ಅದನ್ನು ಮನೆಗೆ ತಂದುಕೊಟ್ಟ.

“ಅಂಟು ಆರೋದಕ್ಕೆ ಮುಂಚೇನೇ ಬಿಡಿಸಿದೆ ಮೇಡಂ,” ಎಂದ. “ಅವನ ಮುಖ ಹರಿದುಹೋಗಬಾರ್ದು ಅಂತ.”

ಆ ಹಾಳೆ ಈಗ ನನ್ನ ಮೇಜಿನ ಮೇಲಿದೆ. ನಾನು ಕೇಳುವುದು ಇಷ್ಟು. ವರದಿಯಲ್ಲಿ ‘ನಿರಾಕರಿಸಿದರು’ ಎಂಬುದನ್ನು ಹೊಡೆದು ‘ಹೌದು ಎಂದರು’ ಎಂದು ಬರೆಯಿರಿ. ‘ಸಮ್ಮತಿಸಿದರು’ ಎಂಬುದನ್ನು ಹೊಡೆದು ‘ಇಲ್ಲ ಎಂದರು’ ಎಂದು ಬರೆಯಿರಿ. ಮುಂದಿನ ಪ್ರವಾಸದಲ್ಲಿ ಆ ಪೆಟ್ಟಿಗೆಯನ್ನು ಇಳಿಸಿ ಭಾಷಾಂತರಕಾರ್ತಿಯನ್ನು ಕೂರಿಸಿ. ಮತ್ತು ಈ ಹಾಳೆಯನ್ನು ಅದರ ಬಾಗಿಲಿಗೆ ಮರಳಿಸಲು ಬಿಡಿ. ಗಾಳಿಮಳೆಗೆ ಅದು ತಾನಾಗಿ ಕಳಚಿ ಬಿದ್ದರೆ ನನ್ನ ಆಕ್ಷೇಪಣೆಯಿಲ್ಲ.

ಲಿಖಿತ ಉತ್ತರದ ಶ್ರಮ ತಮಗೆ ಬೇಡ. ಈ ಶುಕ್ರವಾರ ಋತುವಿನ ಕೊನೆಯ ಕಛೇರಿ. ನೀವು ಎಂದಿನಂತೆ ಮೊದಲ ಸಾಲಿನಲ್ಲಿರುತ್ತೀರಿ. ನಾನು ಬಾಗಿಲ ಬಳಿ, ಕೈಯಲ್ಲಿ ಹಾಳೆ ಮತ್ತು ಅಂಟಿನ ಡಬ್ಬಿ ಹಿಡಿದು ನಿಂತಿರುತ್ತೇನೆ. ಒಳಗೆ ಹೋಗುವಾಗ ನನ್ನ ಕಡೆ ನೋಡಿ ತಲೆಯನ್ನೊಮ್ಮೆ ಆಡಿಸಿದರೆ ಸಾಕು. ಯಾವ ದಿಕ್ಕಿಗೆ ಆಡಿಸಿದರೂ ನನಗೆ ಅರ್ಥವಾಗುತ್ತದೆ. ನಮ್ಮಿಬ್ಬರ ನಡುವೆ ಭಾಷಾಂತರಕಾರ ಬೇಕಿಲ್ಲ.

ಇಂತಿ,
ಬಾಯಿಬಿಟ್ಟು ಹೇಳಿ ಎಂದು ಊರಿನ ಮಕ್ಕಳನ್ನೆಲ್ಲ ಗದರಿ, ಈಗ ಒಂದು ತಲೆಯಾಟಕ್ಕಾಗಿ ಕಾಯುತ್ತಿರುವ
ದೋಬ್ರಿನಾ ಕಾಲ್ಚೆವಾ
ನಿವೃತ್ತ ಭಾಷಾ ಶಿಕ್ಷಕಿ, ಅಸೆನ್‌ನ ಅಕ್ಕ