ಉಟ್ಕೂರಿನ ಆಚೆ ಒಂದು ತಣ್ಣನೆಯ ಪಟ್ಟೆ

ಏಪ್ರಿಲ್ ೧೬, ಬುಧವಾರ

ಬೆಳಗಿನ ಉಪಗ್ರಹ ಚಿತ್ರದ ಫೈಲು ತಡವಾಗಿ ಬಂತು. ಚಹಾ ಆರಿತು. ಮೋಡ ಕೂತ ಚೌಕಗಳನ್ನೆಲ್ಲ ತೆಗೆದೆ. ಬಳ್ಳಾರಿ ಕಡೆ ಒಂದು ಸಾಲು ಪೂರ್ತಿ ಕೆಟ್ಟಿತ್ತು — ಉಪಗ್ರಹದ್ದೇ ತೊಂದರೆ. ಅದೂ ಹೋಯಿತು. ಉಳಿದದ್ದು ಸರಿ. ನೆಲದ ಬಿಸಿ, ಕಿಲೋಮೀಟರಿಗೊಂದು ಚೌಕ, ಚೌಕಕ್ಕೊಂದು ಅಂಕಿ.

ಮದುವೆಯಾಗಿ ಹೈದರಾಬಾದಿನಿಂದ ಮಕ್ತಲ್‌ಗೆ ಬಂದ ಮೇಲೂ ಇದೇ ಕೆಲಸ. ಮನೆಯಿಂದಲೇ. ಉಪಗ್ರಹ ಹೇಳಿದ್ದರಲ್ಲಿ ಸುಳ್ಳನ್ನು ಹುಡುಕಿ ತೆಗೆಯುವುದು. ಹವಾಮಾನ ಅಧ್ಯಯನ ಮಾಡುವವರು ಮುಂದೆ ಇದನ್ನೇ ನಂಬುತ್ತಾರೆ. ಬರುವ ಬುಧವಾರ ಇಪ್ಪತ್ತು ವರ್ಷದ ದತ್ತಾಂಶ ಹೊಸದಾಗಿ ಹೊರಬೀಳಬೇಕು. ಆಫೀಸಿನಿಂದ ರಾಮಚಂದ್ರ ಸರ್ ಫೋನಿನ ಮೇಲೆ ಫೋನು.

ಅತ್ತೆ ಹಿಂದೆ ಬಂದು ನಿಂತು ಸ್ಕ್ರೀನ್ ನೋಡಿದರು. "ಎಲ್ಲಾ ಕೆಂಪಗ ಅದಲ್ಲ."

ಏಪ್ರಿಲ್ ಅಲ್ಲವೇ... ಬಿಸಿ ನೆಲ ಕೆಂಪಲ್ಲದೆ ಇನ್ನೇನು.

ಏಪ್ರಿಲ್ ೧೭, ಗುರುವಾರ — ಸಂಜೆ

ಕರೆಂಟ್ ಹೋಗಿದೆ. ಕಿಟಕಿಯ ಬೆಳಕಲ್ಲಿ ಬರೆಯುತ್ತಿದ್ದೇನೆ. ಗಾಳಿ, ಧೂಳು, ಎರಡು ಹನಿ. ಅಷ್ಟೇ.

ಆದರೆ ಬಡಗಣ ಆಕಾಶ, ಉಟ್ಕೂರಿನ ಮೇಲೆ — ಹಸಿರು. ಎಳೆ ಹುಣಸೆಕಾಯಿಯ ಹಸಿರು. ಅದರೊಳಗೆ ಮಿಂಚು, ಸದ್ದಿಲ್ಲದೆ. ಆಕಾಶ ಹಸಿರಾಗುವುದಿಲ್ಲ ಎನ್ನುತ್ತಾರೆ ವ್ಯಾಸರಾಜ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಗಂಡ. ನಾನು ಕಂಡದ್ದು ಹಸಿರೇ.

ಏಪ್ರಿಲ್ ೧೮, ಶುಕ್ರವಾರ — ಮಧ್ಯಾಹ್ನಕ್ಕೆ ಮುಂಚೆ



ಬೆಳಗಿನ ಚಿತ್ರದಲ್ಲಿ ಒಂದು ಪಟ್ಟೆ. ಉಟ್ಕೂರಿನ ಆಚೆ ಶುರುವಾಗಿ ಓರೆಯಾಗಿ ಮೂಡಣಕ್ಕೆ. ಅಗಲ ಎರಡು ಮೂರು ಚೌಕ, ಉದ್ದ ಬಹಳ. ಸುತ್ತ ಕೆಂಪು, ಇದೊಂದೇ ಕಡುನೀಲಿ. ಪಕ್ಕದ ನೆಲಕ್ಕಿಂತ ಹದಿನೈದು ಡಿಗ್ರಿ ಕಡಿಮೆ. ನಮ್ಮ ಪ್ರೋಗ್ರಾಂ ತಾನೇ ಗುರುತು ಹಾಕಿಬಿಟ್ಟಿದೆ — ಅಸಾಧ್ಯ, ತೆಗೆ.

ಸರ್‌ಗೆ ಫೋನ್ ಮಾಡಿದೆ.

"ಅದು ಮೋಡ ರೀ ಪ್ರಿಯಾ. ತಗದು ಹಾಕ್ರಿ."

"ಅಂಚು ಭಾಳ ಚೂಪ್ ಅದ ಸರ್. ಮೋಡ ಹಿಂಗ ಇರೂದಿಲ್ಲ."

"ಹಂಗಾದ್ರ ಸೆನ್ಸರ್ ತಪ್ಪು. ಏಪ್ರಿಲ್‌ನ್ಯಾಗ ಹೊಲ ಅಷ್ಟು ತಣ್ಣಗ ಇರಲಿಕ್ಕೆ ಹ್ಯಾಂಗ ಸಾಧ್ಯ? ಬುಧವಾರ ಬಂದು ಕೂತದ. ಜನ ಕಾಯಲಿಕತ್ತಾರ."

ಸರಿ ಎಂದೆ. ಫೋನಿಟ್ಟೆ. ಪಟ್ಟೆಯನ್ನು ತೆಗೆಯಲಿಲ್ಲ.

ಇವತ್ತು ಶಾಲೆಗೆ ರಜೆ. ವ್ಯಾಸ ಸ್ಕೂಟರ್ ತೆಗೆಯುತ್ತಿದ್ದಾರೆ. ಉಟ್ಕೂರು ಇಲ್ಲೇ, ನೋಡಿ ಬಂದರಾಯಿತು. ಶಾಲೆಯ ಥರ್ಮಾಮೀಟರು ಚೀಲದಲ್ಲಿದೆ.

ಅದೇ ದಿನ — ದೀಪ ಹಚ್ಚುವ ಹೊತ್ತು

ಎಲ್ಲಿಂದ ಬರೆಯಲಿ.

ಉಟ್ಕೂರು ಒಣಗಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಮಳೆಯ ಮಾತೇ ಇಲ್ಲ. ಊರು ದಾಟಿ ಸ್ವಲ್ಪ ದೂರ ಹೋದೆವು. ಒಂದು ಕಡೆ ಧೂಳು ನಿಂತುಹೋಯಿತು, ಗೆರೆ ಎಳೆದಂತೆ. ಗೆರೆಯ ಈಚೆಗಿನ ಬೇವಿಗೆ ಎಲೆ ತುಂಬ ಇತ್ತು. ಆಚೆಗಿನದಕ್ಕೆ ಒಂದೂ ಇಲ್ಲ, ತೊಗಟೆ ಕೂಡ ಕಿತ್ತಿತ್ತು. ಜಜ್ಜಿದ ಬೇವಿನ ವಾಸನೆ ಮೂಗಿಗೆ ಬಂತು. ಆಮೇಲೆ ಮೊಳಕಾಲಿಗೆ ಚಳಿ.

ಆಲಿಕಲ್ಲು. ತಗ್ಗಿನಲ್ಲಿ, ಬದುವಿನ ಗುಂಟ, ರಾಶಿ ರಾಶಿ. ಎಲೆ, ಹುಲ್ಲು, ಮಣ್ಣು ಕಲಸಿಕೊಂಡು ಒಂದಕ್ಕೊಂದು ಹತ್ತಿಕೊಂಡಿತ್ತು. ಅದರ ಮೇಲೆ ಮಂಜು, ನಡು ಮಧ್ಯಾಹ್ನದ ಬಿಸಿಲಲ್ಲಿ. ಗದ್ದೆಯ ಭತ್ತ ನೆಲಕ್ಕೆ ಅಂಟಿತ್ತು. ಬೆಳ್ಳಕ್ಕಿಗಳು ಸತ್ತು ಬಿದ್ದಿದ್ದವು, ಬಿಳಿಯ ಮೇಲೆ ಬಿಳಿ — ಹತ್ತಿರ ಹೋಗುವವರೆಗೂ ತಿಳಿಯಲಿಲ್ಲ. ಒಂದು ಹಕ್ಕಿಯ ದನಿಯೂ ಇಲ್ಲ.

ಗೆರೆಯ ಈಚೆ ಮಣ್ಣಿಗೆ ಥರ್ಮಾಮೀಟರು ಚುಚ್ಚಿದರೆ ನಲವತ್ತೈದು. ಇಲ್ಲಿ ಹದಿಮೂರು. ವ್ಯಾಸ ಅದನ್ನು ಒರೆಸಿ ಮತ್ತೆ ಚುಚ್ಚಿದರು.

ಅಷ್ಟರಲ್ಲಿ ಮಧ್ಯಾಹ್ನದ ಉಪಗ್ರಹ ಹಾದುಹೋಗುವ ಹೊತ್ತು. ತಲೆಯೆತ್ತಿ ನೋಡಿದೆ. ಬರೀ ನೀಲಿ. ಏಳುನೂರು ಕಿಲೋಮೀಟರು ಮೇಲೆ ಏನೋ ಒಂದು, ಈ ಚಳಿಯನ್ನು ನೋಡುತ್ತ ಹೋಗುತ್ತಿದೆ. ಇಷ್ಟು ವರ್ಷ ಮೇಲಿನಿಂದ ನೋಡಿದವಳು ನಾನು. ಇವತ್ತು ಚೌಕದ ಒಳಗೆ ನಿಂತಿದ್ದೆ. ಚಪ್ಪಲಿ ತೊಯ್ದು ಪಾದ ಕೊರೆಯುತ್ತಿತ್ತು.

ರಸ್ತೆಯ ಕೆಳಗಿನ ಮೋರಿಯ ಹತ್ತಿರ ಒಬ್ಬ ಹೆಂಗಸು ಆಡುಗಳ ಜೊತೆ ಕೂತಿದ್ದಳು. ಶಿವಬಸಮ್ಮ ಅಂತ. ಬಿದ್ದಿದ್ದು ಅವಳದೇ ಭತ್ತ. ಹಣೆಯ ಮೇಲೆ ನೆಲ್ಲಿಕಾಯಿಯಷ್ಟು ಬಾವು.

"ಹೊತ್ತು ಇಳಿಯೋ ಯಾಳ್ಯಾಕ ಮ್ವಾಡ ಕಟ್ಟಿತ್ರಿ. ಮೊದಲ ಹುಣಸಿಬೀಜದಷ್ಟು ಬಿದ್ದವು. ಆಮ್ಯಾಲ ನಿಂಬಿಕಾಯಿ. ತಲಿ ಮ್ಯಾಲ ಬುಟ್ಟಿ ಬೋರಲ ಹಾಕ್ಕೊಂಡು, ಆಡು ಹೊಡಕೊಂಡು ಈ ಮೋರ್ಯಾಗ ಸೇರಿದೆ. ಆ ಕಡಿ ಬಾಯಿಂದ ಅದೂ ಬಂತು."

"ಯಾವುದು?"

"ತ್ವಾಳ."

ತೋಳ! ವ್ಯಾಸ ಬಗ್ಗಿ ಮೋರಿಯೊಳಗೆ ನೋಡಿದರು. ಒಬ್ಬರು ಕೂತು ಸರಿಯಬಹುದಾದ ಪೈಪು. ಈ ತುದಿಯಿಂದ ಆ ತುದಿ ಕಾಣುತ್ತದೆ.

"ಆಡು ಒದರಲಿಲ್ಲೇನು?" ಎಂದೆ.

"ಉಸುರು ಸುದ್ದಾ ಬಿಡಲಿಲ್ರಿ. ಅದರ ಮೂಗಿನ ಮ್ಯಾಲ ರಕ್ತ ಇತ್ತು. ಅದೂ ನಡಗತಿತ್ತು, ನಾವೂ ನಡಗತಿದ್ವಿ. ನನ್ನ ಕಡಿ ಒಮ್ಮಿ ನೋಡ್ತು. ಆಮ್ಯಾಲ ಹೊರಗ ನೋಡಕೋತ ಕುಂತು."

"ಅಂಜಿಕಿ ಬರಲಿಲ್ಲಾ?"

"ಮ್ಯಾಲ ಅಷ್ಟು ದೊಡ್ಡದು ನಡದಿತ್ತು. ಇದಕ್ಕೇನು ಅಂಜೋದ್ರಿ." ಆಡಿನ ಕಿವಿಯಿಂದ ಒಣಗಿದ ಕೆಸರು ಕೀಳುತ್ತ ಹೇಳಿದಳು. "ನಿಂತ ಮ್ಯಾಲ ಅದು ಎದ್ದು ಹ್ವಾತು. ಬಿಳಿ ಮ್ಯಾಲ ಕಾಲು ಎತ್ತೆತ್ತಿ ಇಟಕೋತ... ಸುಡತೈತೇನೋ ಅನ್ನೋರಂಗ."

ನನ್ನ ಕಡೆ ತಿರುಗಿ ಕೇಳಿದಳು: "ನಿಮಗ ಯಾರು ಹೇಳಿದ್ರು, ಇಲ್ಲಿ ಹಿಂಗ ಆಗೇತಿ ಅಂತ?"

ಮೇಲೆ ಕೈ ತೋರಿಸಿದೆ. ಉಪಗ್ರಹ, ಅಲ್ಲಿಂದ ಕಂಡಿತು ಎಂದೆ. ಅವಳೂ ಮೇಲೆ ನೋಡಿದಳು, ಕಣ್ಣಿಗೆ ಕೈ ಅಡ್ಡ ಹಿಡಿದು, ಬಹಳ ಹೊತ್ತು.

"ತ್ವಾಳನೂ ಕಂಡಿತೇನು?"

"ಇಲ್ಲ. ಅಷ್ಟು ಸಣ್ಣದು ಕಾಣೂದಿಲ್ಲ."

"ಚಲೋ ಆತು," ಅಂದಳು. "ಕಂಡ್ರ ಹುಡುಕ್ಕೋತ ಬರತಾರ."

ಏಪ್ರಿಲ್ ೧೯, ಶನಿವಾರ

ನಿನ್ನೆ ಮಧ್ಯಾಹ್ನದ ಚಿತ್ರ ತೆರೆದೆ. ಪಟ್ಟೆ ಜಾಗ ಬಿಟ್ಟಿಲ್ಲ. ನಾನು ನಿಂತಿದ್ದ ಚೌಕ ಸಿಕ್ಕಿತು. ನೀಲಿ. ಅದನ್ನೇ ನೋಡುತ್ತ ಕೂತೆ.

ಫೋಟೋ, ಥರ್ಮಾಮೀಟರಿನ ಅಂಕಿ ಎಲ್ಲ ಸರ್‌ಗೆ ಕಳಿಸಿದೆ. ಅವರು ಆಗಲೇ ಫೋನ್ ಮಾಡಿದರು.

"ನಂಬ್ತೀನಿ. ಆದ್ರ ಒಂದು ಪಟ್ಟೆ ಸಲುವಾಗಿ ನಿಯಮ ಬದಲಿ ಮಾಡ್ಲಿಕ್ಕೆ ಆಗೂದಿಲ್ಲ. ನಾಳೆ ಖರೇ ಮೋಡ ಒಳಗ ನುಸುಳತಾವ. ಹಿಂದಕ್ಕೂ ಹಿಂಗ ಆಗಿದ್ರ ತೋರಸ್ರಿ."

ನ್ಯಾಯವೇ. ತೆಗೆದುಹಾಕಿದ್ದೆಲ್ಲ ಎಲ್ಲೂ ಹೋಗಿರುವುದಿಲ್ಲ. ಬೇರೆ ಕಡೆ ಬಿದ್ದಿರುತ್ತದೆ, ಯಾರೂ ತೆರೆಯದೆ. ಇಪ್ಪತ್ತು ವರ್ಷದ ಬೇಸಿಗೆ. ಹುಡುಕುತ್ತೇನೆ.

ಏಪ್ರಿಲ್ ೨೨, ಮಂಗಳವಾರ

ಎರಡು ದಿನ ಬರೆಯಲಾಗಲಿಲ್ಲ. ಊಟವನ್ನು ಅತ್ತೆ ಟೇಬಲ್ಲಿಗೇ ತಂದಿಟ್ಟರು.

ಇವೆ.

ಒಂದಲ್ಲ. ಕೃಷ್ಣೆಯ ಎರಡೂ ದಂಡೆಗೆ, ಬೀದರಿನ ಹತ್ತಿರ, ವಿಜಯಪುರದ ಕೆಳಗೆ. ಉದ್ದನೆಯ ತಣ್ಣನೆ ಗೆರೆಗಳು, ಚೂಪು ಅಂಚು, ಬೆಳಿಗ್ಗೆ ಎಲ್ಲಿತ್ತೋ ಮಧ್ಯಾಹ್ನವೂ ಅಲ್ಲೇ. ಮೋಡಗಳನ್ನೆಲ್ಲ ಜಾಡಿಸಿ ಕಳೆದ ಮೇಲೂ ಉಳಿದವು. ಪ್ರತಿಯೊಂದರ ಕೆಳಗೂ ಯಾರೋ ಬುಟ್ಟಿ ಬೋರಲು ಹಾಕಿಕೊಂಡು ಓಡಿರಬೇಕು. ಉಪಗ್ರಹ ಎಲ್ಲವನ್ನೂ ನೋಡಿತ್ತು. ಹೇಳಿಯೂ ಇತ್ತು. ನಾವು ಅಸಾಧ್ಯ ಎಂದು ಪಕ್ಕಕ್ಕಿಟ್ಟೆವು.

ಎಲ್ಲವನ್ನೂ ಒಂದೇ ನಕ್ಷೆಯ ಮೇಲೆ ಹಾಕಿ ಸರ್‌ಗೆ ಕಳಿಸಿದೆ. ಸಂಜೆ ಫೋನ್ ಬಂತು.

"ಇಷ್ಟು ತಣ್ಣಗಿದ್ರ ತಗೀ ಅನ್ನೋ ಮಿತಿ ಹಾಕಿದಾಂವ ನಾನೇ," ಎಂದರು. "ಮಸ್ಕಿ ಹತ್ರ ಒಂದು ಅದಲ್ಲ... ನಮ್ಮಜ್ಜನ ಊರದು. ನೋಡಕೋತ ಕೂತೀನಿ." ಆಮೇಲೆ ಆಫೀಸಿನ ದನಿಗೆ ಬಂದರು. "ನಾಳೆ ದತ್ತಾಂಶ ಬಿಡೂದು ಬ್ಯಾಡ. ಕಾಯಾವ್ರಿಗೆ ನಾ ಹೇಳ್ತೀನಿ. ಇವನ್ನೆಲ್ಲಾ ಒಳಗ ತಗೋಳ್ರಿ."

ಏಪ್ರಿಲ್ ೨೪, ಗುರುವಾರ

ಒಂದೊಂದನ್ನೇ ಒಳಗೆ ಸೇರಿಸುತ್ತಿದ್ದೇನೆ. ಇವತ್ತು ಧರೂರಿನ ಹತ್ತಿರದ್ದು ತೆರೆದಿತ್ತು. ಜುರಾಲಾ ಕಾಲುವೆ ದಾಟಿ ಗದ್ವಾಲದ ರಸ್ತೆಗೆ ಅಡ್ಡ. ಹಳೆಯದು. ಅತ್ತೆ ತಟ್ಟೆ ಇಡಲು ಬಂದವರು ತಾರೀಖು ಕೇಳಿದರು. ಹೇಳಿದೆ. ತಟ್ಟೆ ಕೈಯಲ್ಲೇ ಉಳಿಯಿತು.

"ಅವತ್ತ ನಾವು ಬಸ್ಸಿನ್ಯಾಗ ಇದ್ವಿ."

ಕೂತರು. ನನಗೆ ಗೊತ್ತೇ ಇಲ್ಲದ ಕಥೆ. ಮಾವ ನಾನು ಬರುವ ಮೊದಲೇ ತೀರಿಹೋದವರು. ಧರೂರಿನಿಂದ ಗದ್ವಾಲಕ್ಕೆ ಮದುವೆಗೆ ಹೊರಟಿದ್ದರಂತೆ. ದಾರಿಯಲ್ಲಿ ಆಲಿಕಲ್ಲು ಬಡಿದು ಬಸ್ಸಿನ ಗಾಜು ಹೋಯಿತು. ಮಳೆ ನಿಂತ ಮೇಲೆ ಮಾವ ಇಳಿದು, ಒಂದು ಆಲಿಕಲ್ಲನ್ನು ಧೋತರದ ಚುಂಗಿನಲ್ಲಿ ಕಟ್ಟಿಕೊಂಡು ಬಂದರು.

"ಹಿಡಿ ಇಂದಿರಾ, ಅಂತ ಅಂಗೈಯ್ಯಾಗ ಇಟ್ರು. ಸಣ್ಣ ಹುಡುಗರಗತೆ ನಗತಿದ್ರು. ಗದ್ವಾಲದಾಗ ಒಂದು ಹನಿ ಇಲ್ಲ. ಮದಿವಿ ಮನ್ಯಾಗ ಹೇಳಿದ್ರ ಯಾರೂ ನಂಬಲಿಲ್ಲ. ಕಟ್ಟಿದ್ದು ಕರಗಿ ಹೋಗಿತ್ತು. ಆಚಾರ್ರು ಕಥಿ ಹೇಳ್ತಾರ ಅಂತ ನಿಮ್ಮ ಮಾವನ್ನ ನೋಡಿ ಎಲ್ಲಾರೂ ನಕ್ಕರು. ಆಮ್ಯಾಲ ಅವ್ರು ಯಾರ ಮುಂದೂ ಆ ಮಾತು ಎತ್ತಲಿಲ್ಲ."

ಚಿತ್ರದಲ್ಲಿ ಬಸ್ಸು ನಿಂತಿದ್ದ ಜಾಗ ಎಲ್ಲಿ ಎಂದು ಕೇಳಿದರು. ರಸ್ತೆ ಪಟ್ಟೆಯೊಳಗೆ ಹೋಗುವ ಜಾಗ ತೋರಿಸಿದೆ. ಅಲ್ಲಿ ಬೆರಳಿಟ್ಟರು. ತೆಗೆಯಲಿಲ್ಲ.

"ತಣ್ಣಗ ಇತ್ತು, ಪ್ರಿಯಾ."

ಹೌದು ಎಂದೆ. ಎಷ್ಟು ತಣ್ಣಗೆ ಎಂದು ಅಂಕಿಯನ್ನೂ ಓದಿದೆ. ತಲೆಯಾಡಿಸಿದರು, ಅಷ್ಟೇ ಇತ್ತು ಎನ್ನುವಂತೆ. ಸೆರಗಿನಿಂದ ಸ್ಕ್ರೀನ್ ಒರೆಸಿದರು. ಅನ್ನ ಆರಿತು, ಇಬ್ಬರಿಗೂ ಪರಿವೆಯಿಲ್ಲ.

"ಇನ್ನೊಂದು ತಗಿ," ಎಂದರು. "ಅದೂ ಯಾರದರೆ ಇರ್ತದ."

ತೆಗೆದೆ. ಮೇ ತಿಂಗಳು. ನಾರಾಯಣಪೇಟೆಯ ಪಡುವಣಕ್ಕೆ, ಗಡಿ ದಾಟಿ, ಉದ್ದಕ್ಕೆ ಹೋಗುತ್ತಲೇ ಇದೆ. ಇದು ಯಾರದೋ.