ಮೆರವಣಿಗೆಯ ಡಾಡ್ಜ್

ಫೆಬ್ರುವರಿ 9, 2025
ಇವತ್ತೂ ಒಂದು ಮದುವೆ. ಮುಂಡಗೋಡ ಬಸ್ ಸ್ಟ್ಯಾಂಡಿನಿಂದ ಕಲ್ಯಾಣಮಂಟಪದವರೆಗೆ. ಮುಂದೆ ಬ್ಯಾಂಡು, ಹಿಂದೆ ಡಾಡ್ಜ್, ಅದರಲ್ಲಿ ನಾನು ಮತ್ತು ಬೆವರುವ ಮದುಮಗ. ಫಸ್ಟ್ ಗೇರ್ ಹಾಕಿ ಎಕ್ಸಲರೇಟರಿನಿಂದ ಕಾಲು ತೆಗೆದರೆ ಸಾಕು. ಮಾವನವರ ಈ ಐವತ್ತೈದನೇ ಇಸವಿಯ ಅಮೆರಿಕನ್ ಗಾಡಿ ತನ್ನಷ್ಟಕ್ಕೆ ತಾನು ಮುದುಕಿಯರ ನಡಿಗೆಯಲ್ಲಿ ಹೋಗುತ್ತದೆ. ಓಡಿಸಲು ಕಲಿಸಿದವರೂ ಅವರೇ, ತಮ್ಮ ಕಣ್ಣು ಮಂಜಾದ ಮೇಲೆ. ಈ ಸುತ್ತಮುತ್ತ ಮೆರವಣಿಗೆ ಕಾರು ಓಡಿಸುವ ಹೆಂಗಸು ನಾನೊಬ್ಬಳೇ. ಜಂಬ ಇದೆ. ಇರಲಿ, ಇದನ್ನು ಯಾರು ಓದುತ್ತಾರೆ.

ಸಚಿನ ಮಾತ್ರ ಮುಖ ಊದಿಸಿಕೊಂಡಿದ್ದಾನೆ. ಹೋದ ವಾರ ದಾಂಡೇಲಿಯಲ್ಲಿ ಹಳೇ ಕಾರುಗಳ ಕೂಟಕ್ಕೆ ಒಯ್ದಿದ್ದ. ಗಣೇಶಗುಡಿ ಏರಿನಲ್ಲಿ ಎಲ್ಲರೂ ಇವನನ್ನು ಹಿಂದೆ ಹಾಕಿದರಂತೆ. ಯಾರೋ ಕಿಟಕಿಯಿಂದ ಟಾಟಾ ಮಾಡಿದರಂತೆ. ನನ್ನ ಗಂಡನಿಗೆ ಅದೇ ನುಂಗಲಾರದ ತುತ್ತು.

ಫೆಬ್ರುವರಿ 16
'ಪರ್ಫಾರ್ಮೆನ್ಸ್ ಅಪ್‌ಗ್ರೇಡ್' ಎಂಬುದು ಮನೆಗೆ ಬಂತು. ಊಟಕ್ಕೆ ಕುಳಿತರೂ ಅದೇ ವಿಡಿಯೋ. ಇಂಜಿನ್ನಿನ ತಲೆ, ಅಂದರೆ ಹೆಡ್, ಕೆತ್ತಿಸಬೇಕಂತೆ, ಕಂಪ್ರೆಶನ್ ಏರಿ ಬಲ ಹೆಚ್ಚುತ್ತದಂತೆ. ಎರಡು ಕಾರ್ಬೊರೇಟರ್. ಕ್ಯಾಮ್ ಉಜ್ಜಿಸಿ ಬೇರೆ ಆಕಾರ...

"ಮೆರವಣಿಗಿ ಗಾಡಿಗೆ ಸ್ಪೀಡ್ ಯಾಕ ಬೇಕು?" ಎಂದೆ.

"ನಿನಗ ಇಂಜಿನ್ ಏನ್ ತಿಳೀತೈತಿ? ಸ್ಟೇರಿಂಗ್ ಹಿಡಿಯೂದು ಬ್ಯಾರೆ."

ರೊಟ್ಟಿ ಅಗಿಯುತ್ತಲೇ ಹೇಳಿದ. ಬಾಯಿಂದ ಪಲ್ಯ ಉದುರಿತು. ಅಸಹ್ಯ.

ಮಾವನವರಿಗೆ ಹೇಳಿ ನೋಡಿದೆ. "ಹುಡುಗ ಆಸೆಪಟ್ಟಾನ, ಮಾಡ್ಲಿ ಬಿಡವಾ." ಹುಡುಗನಿಗೆ ನಲವತ್ತೊಂದು.

ಮಾರ್ಚ್ 21
ಹಳಿಯಾಳದ ಗ್ಯಾರೇಜಿನಿಂದ ಗಾಡಿ ಬಂತು. ಬರುವ ಮೊದಲೇ ಗೊತ್ತಾಯಿತು — ಓಣಿಯ ನಾಯಿಗಳೆಲ್ಲ ಎದ್ದವು. ಮೊದಲು ನಿಂತಲ್ಲಿ ಇಂಜಿನ್ ಚಾಲೂ ಇದೆಯೋ ಇಲ್ಲವೋ ಎಂದು ಬಾನೆಟ್ ಮುಟ್ಟಿ ನೋಡಬೇಕಿತ್ತು. ಈಗ ನಿಂತಲ್ಲೇ ಗಡಗಡ ನಡುಗುತ್ತದೆ. ಎಕ್ಸಲರೇಟರ್ ಬಿಟ್ಟರೆ ಸಾಯುತ್ತದೆ. ಅಂಗಳದ ತುಂಬ ಅರೆಬರೆ ಸುಟ್ಟ ಪೆಟ್ರೋಲಿನ ನಾತ. ಒಣಹಾಕಿದ ಸೀರೆಗಳಿಗೂ ಹತ್ತಿದೆ.

ಓಡುತ್ತದೆ, ಸುಳ್ಳು ಹೇಳಬಾರದು. ಯಲ್ಲಾಪುರ ರಸ್ತೆಯಲ್ಲಿ ಹೊಸ ಕಾರುಗಳನ್ನೂ ಹಿಂದೆ ಹಾಕಿದ. ಹಲ್ಲು ಕಿಸಿದು ನನ್ನ ಮುಖ ನೋಡಿದ. ನಾನು ಹೊರಗೆ ನೋಡಿದೆ.

ಏಪ್ರಿಲ್ 6, ಮಧ್ಯಾಹ್ನ
ಬಂದವಳೇ ಸೀರೆಯನ್ನೂ ಬದಲಿಸದೆ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟ.

ಮುಂಡಗೋಡದಲ್ಲೇ ಮೆರವಣಿಗೆ. ರೇಸ್ ಕೊಡದಿದ್ದರೆ ಇಂಜಿನ್ ಸಾಯುತ್ತದೆ. ರೇಸ್ ಕೊಟ್ಟು ಕ್ಲಚ್ ಬಿಟ್ಟರೆ ಬ್ಯಾಂಡಿನವರ ಮೇಲೆ ನುಗ್ಗುತ್ತದೆ. ಅರ್ಧ ಹಿಡಿದರೆ ಕ್ಲಚ್ ಸುಟ್ಟ ನಾತ. ನಡುರಸ್ತೆಯಲ್ಲಿ ಇಂಜಿನ್ನಿನ ನೀರು ಕುದಿಯಿತು. ಹಬೆ ಎದ್ದು ಆಫ್ ಆದದ್ದು ಮತ್ತೆ ಚಾಲೂ ಆಗಲಿಲ್ಲ. ಮದುಮಗ ಯಾರದೋ ಸ್ಕೂಟರಿನ ಹಿಂದೆ ಕೂತು ಹೋದ.

"ಹೆಣ್ಮಕ್ಕಳ ಕೈಯಾಗ ಗಾಡಿ ಕೊಟ್ರ ಹಿಂಗ ಆಗೂದು," ಎಂದರು ಅವನ ಚಿಕ್ಕಪ್ಪ.

ಸಚಿನ ಅಲ್ಲೇ ಇದ್ದ, ಎಲೆ ಅಡಿಕೆ ಜಗಿಯುತ್ತ. "ಅಕಿ ಕ್ಲಚ್ ಮ್ಯಾಲಿಂದ ಕಾಲ ತಗೀಲಿಲ್ರಿ. ತಪ್ಪಾತು."

ನನ್ನ ಪರವಾಗಿ ತಪ್ಪು ಒಪ್ಪಿಕೊಂಡ! ಎಷ್ಟು ದೊಡ್ಡ ಮನಸ್ಸು! ಹೇಸಿಗೆಯಾಯಿತು. ಅವನ ಮೇಲೆ, ಆಮೇಲೆ ಬಾಯಿ ಮುಚ್ಚಿಕೊಂಡು ನಿಂತ ನನ್ನ ಮೇಲೂ.

ಏಪ್ರಿಲ್ 8
ಮೊದಲಿದ್ದ ಹಾಗೆ ಮಾಡಿಸು ಎಂದೆ. ಆಗುವುದಿಲ್ಲವಂತೆ. ಕೆತ್ತಿದ ಕಬ್ಬಿಣ ಮತ್ತೆ ಬೆಳೆಯುತ್ತದೆಯೇ? ಹಳೇ ಕಾರ್ಬೊರೇಟರ್ ಗುಜರಿಗೆ ಹೋಯಿತಂತೆ.

"ಇನ್ನ ಮ್ಯಾಲೆ ನಾನ ಹೊಡೀತೇನಿ. ಗಂಡ್ ಡ್ರೈವರ್ ಇದ್ರಷ್ಟ ಬುಕಿಂಗ್ ಅಂತ ಮಂದಿ ಅನ್ನಾಕತ್ತಾರ."

ಕೆಡಿಸಿದವನಿಗೆ ನನ್ನ ಸೀಟು. ಮಾವನವರು ಕೇಳಿಯೂ ಕೇಳದವರಂತೆ ರೇಡಿಯೋ ತಿರುವಿದರು.

ಏಪ್ರಿಲ್ 27
ಮಳಗಿ ಹತ್ತಿರದ ತಾಂಡಾದಿಂದ ಕಾಜಲ್ ಎಂಬ ಹುಡುಗಿ ಬಂದಿದ್ದಳು. ತನ್ನ ಮದುವೆಗೆ ಕಾರು ಬುಕ್ ಮಾಡಲು ತಾನೇ! ತಂದೆ ರೂಪ್ಲಪ್ಪ ಹಿಂದೆ ನಿಂತು ನಗುತ್ತಿದ್ದರು.

"ಅಕ್ಕಾ, ಗಾಡ್ಯಾಗ ವರ ಅಲ್ಲ, ನಾ ಕೂಡಾಕಿ. ನೀವ ಹೊಡೀಬೇಕು. ಅದಕ್ಕ ಬಂದೇನಿ."

ನಾನು ಬಾಯಿ ತೆರೆಯುವ ಮೊದಲೇ ಸಚಿನ, "ಅಕಿಗೆ ಆರಾಮಿಲ್ಲ, ನಾ ಬರ್ತೇನಿ" ಎಂದ.

ಗುಂಡುಕಲ್ಲಿನ ಹಾಗಿದ್ದೇನೆ.

ಮೇ 11, ಸಂಜೆ
ಕಾಜಲ್ ಮದುವೆ. ನಾನು ಹೆಂಗಸರ ಜೊತೆ ನಡೆಯುತ್ತಿದ್ದೆ. ಸಚಿನ ಬುರ್ ಬುರ್ ಎಂದು ರೇಸ್ ಕೊಡುತ್ತ ಮುಂದೆ. ಅರ್ಧ ದಾರಿಯಲ್ಲಿ ನಿಲ್ಲಿಸಿದ. ಇಂಜಿನ್ ಸಾಯದಂತೆ ಚೋಕ್ ಎಳೆದಿಟ್ಟು ಇಳಿದ. ಇವನ ಮುಖದಲ್ಲಿ ಅಂಥ ನಗು ನಾನು ನೋಡಿಯೇ ಇಲ್ಲ.

"ಮದುಮಗಳ ಆಸೆ ಐತಿ! ಇಲ್ಲಿಂದ ನಮ್ಮ ಪೂರ್ಣಿಮಾ ಹೊಡೀತಾಳ!"

ಚಪ್ಪಾಳೆ. ಕಾಜಲ್ ಮುಖ ಅರಳಿತು. ಬರೆಯಲು ನಾಚಿಕೆ... ನನಗೂ ಖುಷಿಯಾಯಿತು. ಪಾಪ, ಮನುಷ್ಯ ಬದಲಾದ ಎಂದುಕೊಂಡೆ. ಓಡಿ ಹೋಗಿ ಕೂತೆ, ರೇಸ್ ಹಿಡಿದೆ.

ಆಮೇಲೆ ಮೀಟರ್ ನೋಡಿದೆ. ಟೆಂಪರೇಚರ್ ಮುಳ್ಳು ಕೆಂಪಿನಲ್ಲಿ. ಇನ್ನೇನು ಕುದಿಯಬೇಕು. ಅದು ಅವನಿಗೆ ಗೊತ್ತು. ಅದಕ್ಕೇ ಇಳಿದ. ಕುದಿಯುವ ಹೊತ್ತಿಗೆ ಸೀಟಿನಲ್ಲಿ ನಾನಿರಬೇಕು.

ಛೀ.

ಕೀ ತಿರುವಿ ನಾನೇ ಆಫ್ ಮಾಡಿದೆ. ಬ್ಯಾಂಡು ನಿಂತಿತು. ಇಳಿದು ನಿಂತು ಎಲ್ಲರಿಗೂ ಕೇಳುವಂತೆ ಹೇಳಿದೆ: "ಈ ಇಂಜಿನ್ ಕೆಡಿಸಿದಾಂವ ನನ್ನ ಗಂಡ. ಈಗ ಕುದೀತೈತಿ ಅಂತ ಗೊತ್ತಾಗಿ ನನ್ನ ತಂದು ಕೂಡಿಸ್ಯಾನ. ಮುಂಡಗೋಡದಾಗೂ ತಪ್ಪು ನಂದಲ್ಲ."

ಸಚಿನ ನೆಲ ನೋಡಿದ. ಕಾಜಲ್ ಬಾಗಿಲು ತೆಗೆದು ಇಳಿದಳು. "ನಡೀರಿ ಅಕ್ಕಾ, ನಡಕೋಂತ ಹೋಗೂಣು." ನನ್ನ ಕೈ ಹಿಡಿದೇ ನಡೆದಳು. ಹಿಂದೆ ಅವನು ರೇಡಿಯೇಟರಿಗೆ ನೀರು ಬೇಡುತ್ತಿದ್ದ.

ಮೇ 12
"ಮಂದ್ಯಾಗ ನನ್ನ ಮಾನಾ ಕಳದಿ." ಬೆಳಗಿನಿಂದ ಇದೊಂದೇ ಮಾತು. ಮಧ್ಯಾಹ್ನ ಮತ್ತೆ ವಿಡಿಯೋ — ಈಗ ದೊಡ್ಡ ರೇಡಿಯೇಟರ್. ಇವನಿಗೆ ನಾಚಿಕೆಯನ್ನು ದೇವರು ಹಾಕಿಯೇ ಕಳಿಸಿಲ್ಲ.

ಮೇ 14, ಬೆಳಿಗ್ಗೆ
ಇವನಿಗೆ ಫೋನ್ ಬಂತು. ಯಾವಾಗಲೂ ಸ್ಪೀಕರ್ ಹಾಕಿಯೇ ಮಾತು. ಹಾನಗಲ್ ಕಡೆಯ ಹೆಣ್ಣುದನಿ. "ಮೆರವಣಿಗಿಗೆ ಗಾಡಿ ನಮ್ಮದ ಐತ್ರಿ. ತಾಂಡಾದಾಗ ಇಂಜಿನ್ ಬಂದ್ ಮಾಡಿದ್ರಲ್ಲ, ಆ ಅಕ್ಕಾರು ಹೊಡ್ಯಾಕ ಬರ್ತಾರೇನ್ರಿ?"

"ಅಕಿ ಈಗ ಗಾಡಿ ಹೊಡ್ಯಾಂಗಿಲ್ರಿ." ಕಟ್ ಮಾಡಿದ.

ಯಾರು ಎಂದು ಕೇಳಿದರೆ "ರಾಂಗ್ ನಂಬರ್" ಎಂದ. ನನ್ನ ಎದುರೇ ಕೇಳಿಸಿದ್ದನ್ನು! ಸ್ನಾನಕ್ಕೆ ಹೋದ. ಫೋನ್ ಇಲ್ಲೇ ಬಿಟ್ಟಿದ್ದಾನೆ. ನಂಬರ್ ತೆಗೆದುಕೊಂಡು ನನ್ನ ಫೋನಿನಿಂದ ಹಚ್ಚಿದ್ದೇನೆ. ರಿಂಗ್ ಆಗುತ್ತಿದೆ. ಯಾರು ಎಂದು ಕೇಳಿದರೆ ಡ್ರೈವರ್ ಎಂದೇ ಹೇಳಬೇಕು, ಸಚಿನನ ಹೆಂಡತಿ ಎಂದಲ್ಲ. ಎತ್ತಿದರು—